ಹಿಂದಿನ ಎಂಜಿನ್ನಿನ ಎಡಗಡೆ

ರೈಲೇ ಇಲ್ಲದ ದೇಶದಲ್ಲಿ ಕೂತು ರೈಲ್ವೆ ಸ್ಟೇಷನ್ನಿನ ನಕ್ಷೆ ಬರೆಯಲು ಹೊರಟವನ ಬಗ್ಗೆ ನೀವು ಏನೇ ಅಂದುಕೊಂಡರೂ ಅದನ್ನು ನನ್ನ ಹೆಂಡತಿ ಆಗಲೇ ಅಂದು ಮುಗಿಸಿದ್ದಾಳೆ.

ತೊಂಬತ್ತರ ದಶಕದ ನಡುವಿನ ಮಾತು. ದೋಹಾದ ಮದೀನತ್ ಖಲೀಫಾದಲ್ಲಿ ಒಂದು ವಿಲ್ಲಾವನ್ನು ಪಾಲು ಮಾಡಿ ಬಾಡಿಗೆಗೆ ಕೊಟ್ಟಿದ್ದರು. ಅದರ ಮಹಡಿಯ ಒಂದು ಪಾಲಿನಲ್ಲಿ ನಾವಿದ್ದೆವು. ನಾನು ಒಳಚರಂಡಿ ಕೊಳವೆಗಳ ನಕ್ಷೆ ತೆಗೆಯುವ ಡ್ರಾಫ್ಟ್ಸ್‌ಮನ್. ಚಪ್ಪಟೆ ಊರಿನ ಹೊಲಸನ್ನು ಸಮುದ್ರದ ದಿಕ್ಕಿಗೆ ಹೇಗಾದರೂ ಮಾಡಿ ಇಳಿಸುವುದೇ ನನ್ನ ವಿದ್ಯೆ. ಉಳಿದ ಹೊತ್ತಿನಲ್ಲಿ ಚಿಂತೆ ಮಾಡುತ್ತೇನೆ. ಇಸ್ತ್ರಿ ಪೆಟ್ಟಿಗೆ ಆರಿಸಿದೆನೋ ಇಲ್ಲವೋ ಎಂದು ಆಫೀಸಿನ ಅರ್ಧ ದಾರಿಯಿಂದ ಹಿಂದಿರುಗಿದವನು ನಾನು, ಅದೂ ಇಸ್ತ್ರಿ ಮಾಡದ ದಿನ.

ಇಂಥವನಿಗೆ ರೈಲು ಗಂಟು ಬಿದ್ದದ್ದು ಹೀಗೆ. ನಮ್ಮ ಆಫೀಸಿನ ಇಂಗ್ಲಿಷ್ ಎಂಜಿನಿಯರ್ ಒಬ್ಬ ಕಂಟ್ರ್ಯಾಕ್ಟ್ ಮುಗಿಸಿ ಊರಿಗೆ ಹೊರಟ. ಹೊರಡುವವರೆಲ್ಲ ಮಾಡುವಂತೆ ಮನೆಯ ಸಾಮಾನು ಹಂಚಿದ. ಒಬ್ಬನಿಗೆ ಫ್ರಿಜ್ ಸಿಕ್ಕಿತು, ಇನ್ನೊಬ್ಬನಿಗೆ ಕಾರಿನ ಸ್ಟೀರಿಯೋ. ನನ್ನ ಪಾಲಿಗೆ ಬಂದದ್ದು ಒಂದು ರಟ್ಟಿನ ಪೆಟ್ಟಿಗೆ: ಒಳಗೆ ಕಪ್ಪು ಬಣ್ಣದ ಪುಟ್ಟ ಎಂಜಿನ್, ಕೆಲವು ಡಬ್ಬಿ, ಒಂದು ಕಟ್ಟು ಹಳಿ. ಕೊಡುವಾಗ ಅವನು ಉಪದೇಶವನ್ನೂ ಕೊಟ್ಟ. ಹಳಿಯನ್ನು ದುಂಡಗೆ ಜೋಡಿಸಬೇಡ, ಅದು ಮಕ್ಕಳಾಟ. ಭೂಮಿಯ ಮೇಲೆ ನಿಜವಾಗಿ ಇರುವ ಒಂದು ಜಾಗ ಹಿಡಿ, ಅದನ್ನು ಮೊದಲು ಕಾಗದದ ಮೇಲೆ ಪೂರ್ತಿ ಕಟ್ಟು, ಆಮೇಲೆ ಮರಕ್ಕೆ ಗರಗಸ ಹಾಕು. ಕಾಗದದ ಮೇಲೆ ಕಟ್ಟುವುದೊಂದೇ ನನಗೆ ಬರುವ ಕೆಲಸವಾದ್ದರಿಂದ ನಾನು ತಲೆಯಾಡಿಸಿದೆ.

ಜಾಗ ಹಿಡಿಯುವುದು ಕಷ್ಟವಾಗಲಿಲ್ಲ. ನನ್ನ ಹೆಂಡತಿ ಬೆಳೆದದ್ದು ಕ್ಯಾಸಲ್‌ರಾಕ್‌ನಿಂದ ಗೋವೆಯ ಕಡೆ ಇಳಿಯುವ ಘಾಟಿನ ನಡುವೆ, ಒಂದು ಸಣ್ಣ ಸ್ಟೇಷನ್ನಿನ ಕ್ವಾರ್ಟರ್ಸಿನಲ್ಲಿ. ಅಪ್ಪ ಉಗಿ ಎಂಜಿನ್ನಿನ ಡ್ರೈವರ್. ಆ ಘಾಟೆಂದರೆ ಎಲ್ಲರೂ ದೂಧಸಾಗರದ ಸೇತುವೆ ಎನ್ನುತ್ತಾರೆ. ನಾನೂ ಮೊದಲು ಅದನ್ನೇ ಎಣಿಸಿದ್ದೆ. ಆದರೆ ಊಟದ ಮೇಜಿನ ಮೇಲೆ ಜಲಪಾತ, ಅದರ ಪಕ್ಕದಲ್ಲೇ ಕರೆಂಟು ಹರಿಯುವ ಹಳಿ ಎಂದು ಯೋಚಿಸುತ್ತಿದ್ದಂತೆಯೇ ನನಗೆ ಬೆವರು ಬಂತು.

“ಸೇತುವಿ ಬ್ಯಾಡ. ನಮ್ಮ ಸ್ಟೇಷನ್ ತೆಗೀರಿ,” ಅಂದಳು ಅವಳು. “ಉಳದದ್ದು ಏನರ ಮಾಡ್ಕೋರಿ. ನನಗ ಒಂದs ಬೇಕು. ನಮ್ಮ ಮನಿ ಮುಂದಿನ ಕಟ್ಟಿ.”

ಆ ಕಟ್ಟೆಯ ವಿಷಯ ನಾನು ಮದುವೆಯಾದ ಹೊಸದರಿಂದ ಕೇಳಿ ಬಲ್ಲೆ. ಸ್ಟೇಷನ್ ದಾಟಿದ ಮೇಲೆ, ಸುರಂಗಕ್ಕೆ ಸ್ವಲ್ಪ ಮೊದಲು ಕ್ವಾರ್ಟರ್ಸು. ಮನೆಯ ಮುಂದೊಂದು ಕಲ್ಲಿನ ಕಟ್ಟೆ. ಅಪ್ಪನ ಗಾಡಿ ಘಾಟ್ ಏರಿ ಬರುವ ಹೊತ್ತಿಗೆ ಅವ್ವ, ಮಗಳು ಇಬ್ಬರೂ ಆ ಕಟ್ಟೆಯ ಮೇಲೆ ನಿಂತು ಕೈ ಬೀಸುತ್ತಿದ್ದರಂತೆ. ಅಪ್ಪ ನೋಡಿ ಸಿಳ್ಳೆ ಹಾಕುತ್ತಿದ್ದನಂತೆ. ‘ಒಂದು ದಿನವೂ ತಪ್ಪಿಸಿಲ್ಲ, ಅಷ್ಟು ದೊಡ್ಡ ಗಾಡಿ ದಬ್ಬುತ್ತಲೂ ನಮ್ಮನ್ನು ನೋಡುತ್ತಿದ್ದ’ ಎಂದು ಅವಳು ಹೇಳುವಾಗ ಮುಖದ ಮೇಲೆ ಬರುವ ಬೆಳಕನ್ನು ನಾನು ನನ್ನ ಯಾವ ಸಾಧನೆಯಿಂದಲೂ ತರಿಸಲು ಆಗಿಲ್ಲ. ಅವ್ವ ತೀರಿಕೊಂಡ ಮೇಲಂತೂ ಆ ಕಟ್ಟೆ ಅವಳಿಗೆ ಇನ್ನೂ ಹತ್ತಿರವಾಗಿತ್ತು. ಆ ವರ್ಷ ಹುಬ್ಬಳ್ಳಿಯಿಂದ ಅವಳ ಅಣ್ಣ ಫೋನಿನಲ್ಲಿ, ಘಾಟಿನ ಮೀಟರ್‌ಗೇಜ್ ಹಳಿ ಕೀಳುತ್ತಾರೆ, ದೊಡ್ಡ ಹಳಿ ಬರುತ್ತದೆ, ಹಳೆಯ ಕ್ವಾರ್ಟರ್ಸೂ ಉಳಿಯುವ ಹಾಗೆ ಕಾಣೆ ಅಂದಿದ್ದ. ಹಾಗಾಗಿ ನನ್ನ ಆಟದ ನಕ್ಷೆಗೆ ಇದ್ದಕ್ಕಿದ್ದಂತೆ ಒಂದು ಜವಾಬ್ದಾರಿ ಬಂದುಬಿಟ್ಟಿತು. ಜವಾಬ್ದಾರಿ ಬಂತೆಂದರೆ ನಾನು ಒಂದೇ ಗೆರೆಯನ್ನು ಮೂರು ಸಲ ಅಳೆಯುತ್ತೇನೆ.

ಅಳತೆಯಿಂದಲೇ ತೊಂದರೆ ಶುರು. ಎಂಬತ್ತರಲ್ಲಿ ಒಂದು ಪಾಲಿಗೆ ಇಳಿಸಿದರೂ ಆ ಸಣ್ಣ ಸ್ಟೇಷನ್ ನಮ್ಮ ಮೇಜನ್ನು ದಾಟಿ, ಗೋಡೆ ತೂರಿ, ಮಲಗುವ ಕೋಣೆಯ ಕಪಾಟಿನಲ್ಲಿ ಮುಗಿಯುತ್ತಿತ್ತು. ಏನೂ ಇಲ್ಲದ ಸ್ಟೇಷನ್ ಎಂದು ನಾನು ತಿಳಿದಿದ್ದೆ. ಎರಡು ಹಳಿ, ಒಂದು ಕೋಣೆ, ಒಂದು ನೀರಿನ ಟಾಕಿ. ಬರೆಯುತ್ತ ಕೂತಾಗ ತಿಳಿಯಿತು, ಭೂಮಿಯ ಮೇಲೆ ‘ಏನೂ ಇಲ್ಲದ’ ಜಾಗವೆಂಬುದೇ ಇಲ್ಲ. ಒಂದು ಗುಡ್ಡ ಎಂದು ಬರೆದರೆ ಅದರ ನೀರು ಎಲ್ಲಿ ಇಳಿಯುತ್ತದೆ ಎಂದು ಬರೆಯಬೇಕು. ನೀರು ಬರೆದರೆ ಅದು ಹಳಿಯ ಕೆಳಗೆ ಹಾಯುವ ಮೋರಿ ಬರೆಯಬೇಕು. ಮೋರಿ ಬಂದರೆ ಅದನ್ನು ನೋಡಿಕೊಳ್ಳುವ ಗ್ಯಾಂಗಿನವರು ಗಾಡಿ ಬಂದಾಗ ಒತ್ತಿಕೊಂಡು ನಿಲ್ಲುವ ಗೂಡು ಬರೆಯಬೇಕು. ಮೇಜಿನ ಮೇಲೆ ಇಡೀ ಲೋಕ ಒಂದನ್ನೊಂದು ಕೈಹಿಡಿದುಕೊಂಡು ಬರುತ್ತಿತ್ತು.

ಅದರಲ್ಲೂ ನನ್ನನ್ನು ಬೆರಗಾಗಿಸಿದ್ದು ಕ್ಯಾಚ್ ಸೈಡಿಂಗ್. ಇಳಿಜಾರಿನಲ್ಲಿ ಗಾಡಿಯ ಬ್ರೇಕು ಕೈಕೊಟ್ಟರೆ ಅದು ಸ್ಟೇಷನ್ನಿಗೆ ನುಗ್ಗಬಾರದಲ್ಲ? ಅದಕ್ಕಾಗಿ ಸ್ಟೇಷನ್ನಿಗಿಂತ ಮೊದಲೇ ಒಂದು ಕವಲು ಹಳಿ ತೆಗೆದಿರುತ್ತಾರೆ. ಅದು ಎಲ್ಲಿಗೂ ಹೋಗುವುದಿಲ್ಲ. ತಪ್ಪಿಸಿಕೊಂಡು ಬಂದ ಗಾಡಿ ಅದರೊಳಗೆ ಹೊಕ್ಕು ನಿಲ್ಲಬೇಕು, ಅಷ್ಟೇ. ಇನ್ನೂ ದೊಡ್ಡ ಸೋಜಿಗವೆಂದರೆ, ಹಳಿ ಸದಾ ಆ ಕವಲಿನ ಕಡೆಗೇ ತಿರುಗಿರುತ್ತದೆ. ಇಳಿದು ಬಂದ ಪ್ರತಿಯೊಂದು ಗಾಡಿಯೂ ಮೊದಲು ನಿಂತು, ತನಗೆ ನಿಲ್ಲಲು ಬರುತ್ತದೆ ಎಂದು ತೋರಿಸಬೇಕು. ಆಮೇಲೆಯೇ ಹಳಿ ತಿರುಗಿಸುವ ಪಾಯಿಂಟ್ಸ್‌ಮನ್ ಸ್ಟೇಷನ್ನಿನ ದಾರಿ ಬಿಟ್ಟುಕೊಡುವುದು. ಕೆಟ್ಟದ್ದು ಆಗಿಯೇ ಆಗುತ್ತದೆ ಎಂದು ಮೊದಲೇ ನಂಬಿ, ಆಗದಿದ್ದರೆ ಸಂತೋಷ ಎನ್ನುವ ವ್ಯವಸ್ಥೆ! ಜೀವಮಾನವಿಡೀ ಜನ ನನ್ನನ್ನು ಪುಕ್ಕಲ ಎಂದು ನಕ್ಕಿದ್ದರು. ನನ್ನಂಥವರೇ ಯಾರೋ ಸೇರಿ ಇಡೀ ಘಾಟನ್ನು ಕಟ್ಟಿದ್ದಾರೆ ಎಂದು ತಿಳಿದಾಗ ಕಣ್ಣು ತುಂಬಿ ಬಂತು.

ಆ ಭಕ್ತಿಯಲ್ಲೇ ಕ್ಯಾಚ್ ಸೈಡಿಂಗನ್ನು ಚೆಂದವಾಗಿ ಬರೆದು, ಇಳಿಜಾರಿನ ಬಾಣದ ಗುರುತು ಹಾಕಿ ಹೆಂಡತಿಗೆ ತೋರಿಸಿದೆ. ಅವಳು ಕೈಯಲ್ಲಿದ್ದ ಮೆಂತ್ಯದ ಸೊಪ್ಪು ಬಿಡಿಸುತ್ತಲೇ ಬಗ್ಗಿ ನೋಡಿದಳು.

“ರೀ, ಈ ಬಾಣ ಕೆಳಗ ಹೊಂಟೈತಲ್ಲ?”

“ಹೌದು. ಹೆಚ್ಚಾಗಿದ್ದು ಹೊರಗ ಹೋಗಬೇಕಲ್ಲ, ಅದಕ್ಕ.”

“ಹೆಚ್ಚಾಗಿದ್ದು ಅಂದ್ರೇನ್ರೀ? ಅದೇನ್ ಮಳಿ ನೀರೇನು? ಬ್ರೇಕ್ ಹೋದ ಗಾಡಿ ಗುಡ್ಡಾ ಹತ್ತಿ ನಿಂದರಬೇಕ್ರೀ, ಮ್ಯಾಲಕ್ಕ! ನೀವು ನೋಡಿದ್ರ ಮಂದಿ ತುಂಬಿದ ಗಾಡೀನ ಗಟಾರಕ್ಕ ಬಿಡಾಕ ಹೊಂಟೀರಿ.”

ಇಷ್ಟು ವರ್ಷ ಹೊಲಸು ಹರಿಸಿದ ಕೈ. ಕವಲು ಎಂದೊಡನೆ ತಾನಾಗಿ ಇಳಿಜಾರು ಕೊಟ್ಟುಬಿಟ್ಟಿತ್ತು. ಕಾಗದದ ಮೇಲೆ ನಾನು ಕೊಂದ ಪ್ರಯಾಣಿಕರನ್ನು ನೆನೆದು ಆ ದಿನ ಊಟ ಸೇರಲಿಲ್ಲ.

ಮಾವ ದೋಹಾಕ್ಕೆ ಬಂದದ್ದು ಚಳಿಗಾಲದಲ್ಲಿ, ವಿಸಿಟ್ ವೀಸಾದ ಮೇಲೆ. ಎತ್ತರದ ಆಳು, ದೊಡ್ಡ ಕೈ, ಕಿವಿ ಸ್ವಲ್ಪ ಮಂದ. ನಿವೃತ್ತಿಯಾಗಿ ವರ್ಷಗಳಾದರೂ ಕುರ್ಚಿಯಲ್ಲಿ ಎದೆಯೆತ್ತಿಯೇ ಕೂರುವವರು. ಅತ್ತೆ ಹೋದ ಮೇಲೆ ಮಾತು ಕಡಿಮೆಯಾಗಿತ್ತು. ನನ್ನ ನಕ್ಷೆಯನ್ನು ಕೈ ಹಿಂದೆ ಕಟ್ಟಿಕೊಂಡು ಒಮ್ಮೆ ನೋಡಿ “ಹ್ಞೂಂ” ಅಂದು ಬಾಲ್ಕನಿಗೆ ಹೋದರು. ಆ ಒಂದು ಹ್ಞೂಂಕಾರದ ಅರ್ಥ ಹುಡುಕುತ್ತ ನಾನು ವಾರ ಕಳೆದೆ.

ಒಂದು ಶುಕ್ರವಾರ ಅವರನ್ನು ಉತ್ತರಕ್ಕೆ, ಅಲ್ ಶಮಾಲ್ ಕಡೆ ಕರೆದುಕೊಂಡು ಹೋದೆವು. ಕಾರು ನಮ್ಮ ಕೆಳಮನೆಯ ಸಾಹುಕಾರರದು, ಓಡಿಸಿದ್ದೂ ಅವರೇ. ಮಂಗಳೂರಿನ ಕಡೆಯ ಬ್ಯಾರಿ. ತಂದೆಯ ಕಾಲದಿಂದ ಇಲ್ಲಿ ಪ್ಲೈವುಡ್ಡು, ಹಾರ್ಡ್‌ವೇರಿನ ಅಂಗಡಿ. ಡ್ರೈವಿಂಗ್ ಟೆಸ್ಟಿನಲ್ಲಿ ನಾನು ಪದೇ ಪದೇ ಫೇಲಾಗುತ್ತಿದ್ದ ಕಾಲ ಅದು. ಊರಲ್ಲಿ ಬಲಕ್ಕೆ ಕೂತು ಕಲಿತವನು ಇಲ್ಲಿ ಎಡಕ್ಕೆ ಕೂತೊಡನೆ ಕಾರು ನನ್ನದಲ್ಲ, ಪಕ್ಕದವರದು ಅನ್ನಿಸುತ್ತಿತ್ತು. ಮಾವ ಮುಂದಿನ ಸೀಟಿನಲ್ಲಿ ಕೂತು, ದಾರವಿಟ್ಟು ಎಳೆದಂತಿದ್ದ ರಸ್ತೆಯನ್ನೂ, ಎರಡೂ ಕಡೆ ಆಕಾಶದವರೆಗೆ ಹಾಸಿದ್ದ ಬಯಲನ್ನೂ ನೋಡಿದರು. ಬಹಳ ಹೊತ್ತಿನ ಮೇಲೆ, “ಇಂಥಾ ನೆಲದಾಗ ಬ್ರೇಕ್ ಯಾಕ ಬೇಕು?” ಅಂದರು. ಅಂದವರು ತಾವೇ ನಕ್ಕರು. ಬಂದ ಮೇಲೆ ಅದೇ ಮೊದಲ ನಗು.

ಮರುದಿನ ಬೆಳಿಗ್ಗೆ ಅವರೇ ಕುರ್ಚಿ ಎಳೆದುಕೊಂಡು ನಕ್ಷೆಯ ಮುಂದೆ ಕೂತರು.

“ಬರ್ಕೋರಿ ಅಳಿಯಾರ.”

ಅವರು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ಬಂಡೆಯಿಂದ ಬೇಸಿಗೆಯಲ್ಲೂ ನೀರು ಜಿನುಗುವ ಜಾಗ. ಮಲಗಿದ ಎಮ್ಮೆಯಂತಿರುವ ಕಲ್ಲು. ತಡೆಗೋಡೆಯ ಕಲ್ಲುಸಂದಿಯಲ್ಲಿ ಹುಟ್ಟಿದ ಅತ್ತಿ ಗಿಡ. ತಂತಿ ಕಂಬ ಒಂದು ಮಾತ್ರ ಸೊಟ್ಟಗಿದ್ದದ್ದು. ಗುಡ್ಡದ ಕಡೆ ತುಂಬುತ್ತ ಬಂತು. ಎಷ್ಟು ತುಂಬಿತೆಂದರೆ ನಾನು ಪೆನ್ಸಿಲ್ಲನ್ನು ಮತ್ತೆ ಮತ್ತೆ ಮೊನಚು ಮಾಡಬೇಕಾಯಿತು.

ಅವರ ಎಂಜಿನ್ ಗಾಡಿಯ ಮುಂದಿನದಲ್ಲ, ಹಿಂದಿನದು ಎಂಬುದು ನನಗೆ ಸರಿಯಾಗಿ ತಿಳಿದದ್ದೂ ಆಗಲೇ. ಘಾಟ್ ಏರುವ ಗಾಡಿಯನ್ನು ಒಂದು ಎಂಜಿನ್ ಮುಂದಿನಿಂದ ಎಳೆದರೆ ಸಾಲದು; ಹಿಂದಿನಿಂದ ಇನ್ನೊಂದು ದಬ್ಬಬೇಕು. ಅದಕ್ಕೆ ಬ್ಯಾಂಕರ್ ಎನ್ನುತ್ತಾರೆ. ದಬ್ಬುವವನಿಗೆ ಮುಂದಿನದು ಏನೂ ಕಾಣುವುದಿಲ್ಲ. ಸಿಗ್ನಲ್ಲು, ಸುರಂಗ, ಹಳಿಯ ಮೇಲೆ ಬಿದ್ದ ಮರ, ಯಾವುದೂ ಇಲ್ಲ. ಮೂಗಿನ ಮುಂದೆ ಗಾರ್ಡಿನ ಡಬ್ಬಿಯ ಬೆನ್ನು ಮಾತ್ರ. ಮುಂದಿನ ಎಂಜಿನ್ ಉದ್ದಕ್ಕೆ ಕೂಗಿದರೆ ಹಿಂದಿನದು ಉದ್ದಕ್ಕೆ ಮರುಕೂಗು ಕೊಡಬೇಕು. ಆ ಎರಡು ಕೂಗಿನ ನಂಬಿಕೆಯ ಮೇಲೆ ಅಷ್ಟು ಜನ ಗುಡ್ಡ ಹತ್ತುತ್ತಿದ್ದರು. ಕಾಣದ ದಾರಿಯ ಮೇಲೆ, ಕಾಣದ ಮನುಷ್ಯನ ಕೂಗು ಕೇಳಿ, ಇದ್ದ ಬಲವನ್ನೆಲ್ಲ ಹಾಕಿ ದಬ್ಬುವುದು! ನಾನಾಗಿದ್ದರೆ ಮೊದಲ ತಿರುವಿನಲ್ಲೇ ಇಳಿದು ನಡೆದು ಹೋಗಿ ನೋಡಿಕೊಂಡು ಬರುತ್ತಿದ್ದೆ.

“ಎಲ್ಲೆಲ್ಲಿ ಕೂಗ್ತಿದ್ರಿ ಮಾವಾರ?” ಎಂದು ಕೇಳಿದೆ.

“ಸ್ಟೇಷನ್ ಬಿಡೂಮುಂದ. ಆಮ್ಯಾಲ ಸುರಂಗದ ಮುಂದ, ಕ್ವಾರ್ಟರ್ಸ್ ಹತ್ರ. ಅದು ರೂಲ್.”

ಕ್ವಾರ್ಟರ್ಸ್ ಹತ್ತಿರ ಕೂಗುವುದು ರೂಲು. ಹಾಗಾದರೆ ಆ ಸಿಳ್ಳೆ ಕಟ್ಟೆಯ ಮೇಲಿನವರಿಗಲ್ಲ. ಹೆಂಡತಿಯ ಕಡೆ ನೋಡಿದೆ. ಅವಳು ಅಡುಗೆಮನೆಯಲ್ಲಿ ಏನನ್ನೋ ಹುರಿಯುತ್ತಿದ್ದಳು. ಕೇಳಿಸಿದ ಹಾಗೆ ಕಾಣಲಿಲ್ಲ. ಕೇಳಿಸದಿರಲಿ ಎಂದು ಬೇಡಿಕೊಂಡೆ. ನಕ್ಷೆಯಲ್ಲಿ ಹಳಿಯ ಇನ್ನೊಂದು ಬದಿ, ಕಣಿವೆಯ ಕಡೆ ಇನ್ನೂ ಖಾಲಿ ಇತ್ತು. ಹೆಂಡತಿ ಹೇಳಿದಂತೆ ನಾನು ಬರೆದ ಕ್ವಾರ್ಟರ್ಸಿನ ಚೌಕ, ಅದರ ಮುಂದಿನ ಕಟ್ಟೆ, ಅಷ್ಟೇ. ಮಾವ ಆ ಕಡೆಯ ಮಾತನ್ನೇ ಎತ್ತಿರಲಿಲ್ಲ. ಕೊನೆಗೆ ಹೇಳುತ್ತಾರೆ ಎಂದುಕೊಂಡೆ.

ಮುಂದಿನ ಶುಕ್ರವಾರ ಜುಮ್ಮಾ ನಮಾಜು ಮುಗಿಸಿಕೊಂಡು ಸಾಹುಕಾರರು ಮೇಲೆ ಬಂದರು. ನಮ್ಮಲ್ಲಿ ಊಟ ಅಂದು ಅವರಿಗೆ.

“ಎಂಥ ಸಾರ್, ಪ್ಲೈವುಡ್ ಎಷ್ಟು ಶೀಟ್ ಬೇಕೂಂತ ಎಷ್ಟು ಸಲ ಕೇಳುದು ನಾನು? ಸರಕಾರ ಕೂಡ ಇಷ್ಟು ಪ್ಲಾನ್ ಮಾಡುದಿಲ್ಲ. ಯಲ್ಲಾ, ಒಂದು ಗರಗಸ ಹಾಕಿ, ಖಲಾಸ್.”

“ಗರಗಸ ಹಾಕಿದ ಮ್ಯಾಲ ಹೊಳ್ಳಿ ಕೂಡಸಾಕ ಬರೂದಿಲ್ಲಲ್ರಿ,” ಅಂದೆ.

“ಇವ್ರ ಕೈಯಾಗಿದ್ರ ಘಾಟ್ ಇನ್ನೂ ಕಾಗದದ ಮ್ಯಾಲs ಇರ್ತಿತ್ರಿ ಸಾಹುಕಾರ್ರ,” ಅಂದರು ಮಾವ.

ಸಾಹುಕಾರರು ನಕ್ಕು, ಮೇಜಿನ ಮೇಲಿದ್ದ ನನ್ನ ರಬ್ಬರನ್ನು ಎತ್ತಿಕೊಂಡು ನಕ್ಷೆಯ ಹಳಿಯ ಮೇಲಿಟ್ಟರು. “ಇದು ನಿಮ್ಮ ಎಂಜಿನ್ ಅಂತ ಇಟ್ಟುಕೊಳ್ಳಿ ಹಿರಿಯರೇ. ಡ್ರೈವರ್ ಕೂರುದು ಯಾವ ಸೈಡಿಗೆ? ಇಲ್ಲಿಯ ಹಾಗೆ ಲೆಫ್ಟಿಗಾ, ಊರಿನ ಹಾಗೆ ರೈಟಿಗಾ?”

ಗಲ್ಫಿನಲ್ಲಿ ಬದುಕಿದ ಯಾವ ಭಾರತೀಯನೂ ಮೊದಲು ಕೇಳುವ ಪ್ರಶ್ನೆ ಅದು. ನನಗೆ ಮಾತ್ರ ಹೊಳೆದಿರಲಿಲ್ಲ.

“ಎಡಕ್ಕ,” ಅಂದರು ಮಾವ.

ಸಾಹುಕಾರರು ನನ್ನ ಪೆನ್ಸಿಲ್ ಕಿತ್ತುಕೊಂಡು ರಬ್ಬರಿನ ಎಡಗಡೆ ಒಂದು ಚುಕ್ಕೆ ಇಟ್ಟರು. ಮೆಲ್ಲಗೆ ಘಾಟಿನ ಮೇಲಕ್ಕೆ ದಬ್ಬಿದರು. ಚುಕ್ಕೆ ಗುಡ್ಡದ ಕಡೆಗಿತ್ತು. “ಹತ್ತುವಾಗ ಗುಡ್ಡ ಕಾಣ್ತದೆ, ಸರಿ. ಇನ್ನು ಮೇಲೆ ಹೋಗಿ ಯೂ ಟರ್ನ್ ಹೊಡೆದು ಇಳಿಯುವಾಗ ಕಣಿವೆ ಕಾಣ್ತದೆ. ಹೌದಾ?”

“ಇಲ್ಲ. ಬ್ಯಾಂಕರ್ ಹೊಳ್ಳಸ್ತಿದ್ದಿಲ್ಲ. ಹೆಂಗ ಏರಿತ್ತೋ ಹಂಗs ಹಿಂದ ಹಿಂದ ಇಳೀತಿತ್ತು.”

ಸಾಹುಕಾರರು ರಬ್ಬರನ್ನು ತಿರುಗಿಸದೆ ಹಿಂದಕ್ಕೆ ಎಳೆದರು. ಚುಕ್ಕೆ ಗುಡ್ಡದ ಕಡೆಯೇ ಉಳಿಯಿತು. ಮೇಲಕ್ಕೆ ದಬ್ಬಿದರು, ಗುಡ್ಡ. ಕೆಳಕ್ಕೆ ಎಳೆದರು, ಗುಡ್ಡ. “ಅಲ್ಲಾ! ಹಾಗಾದ್ರೆ ಇಷ್ಟು ವರ್ಷ ಸರ್ವಿಸ್ ಮಾಡಿ ನೀವು ಒಂದೇ ಸೈಡ್ ನೋಡಿದ್ದಾ?”

ನಾನು ತಲೆಯೆತ್ತಿದೆ. ಹೆಂಡತಿ ಅನ್ನದ ಪಾತ್ರೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳ ಕಣ್ಣು ರಬ್ಬರಿನ ಚುಕ್ಕೆಯ ಮೇಲಿತ್ತು. ಅಲ್ಲಿಂದ ಹಳಿ ದಾಟಿ, ಕಣಿವೆಯ ಕಡೆ ನಾನು ಬರೆದ ಕಟ್ಟೆಗೆ ಹೋಯಿತು. ಮತ್ತೆ ಚುಕ್ಕೆಗೆ ಬಂತು.

“ಅಪ್ಪಾ,” ಅಂದಳು. “ಹಂಗಾರ ನಾವು ನಿನಗ ಕಾಣ್ತಿದ್ದಿಲ್ಲೇನ?”

ಮಾವನ ಮಂದ ಕಿವಿಗೆ ಅದು ಒಂದೇ ಸಲಕ್ಕೆ ಕೇಳಿಸಿತು.

“ನಡುವ ಬಾಯ್ಲರ್ ಇರ್ತಿತ್ತಲ್ಲವಾ. ಘಾಟ್ ಏರೂಮುಂದ ಉಗಿ ಬಿಡೂ ರೆಗ್ಯುಲೇಟರ್ ಮ್ಯಾಲಿನ ಕೈ ತಗದು ಆ ಕಡೆ ಹೋಗಿ ನೋಡಾಕ ಬರ್ತೈತೇನು?”

“ಒಂದ್ ಸಲನೂ ನೋಡಿಲ್ಲೇನ?”

“ಇಲ್ಲ.”

ಪಾತ್ರೆಯನ್ನು ಅವಳು ನಕ್ಷೆಯ ಅಂಚಿನ ಮೇಲೆಯೇ ಇಟ್ಟಳು. ಬಿಸಿ ಪಾತ್ರೆ. ಇನ್ನೊಂದು ದಿನವಾಗಿದ್ದರೆ ನಾನು ಹಾರಿ ಬೀಳುತ್ತಿದ್ದೆ. ಅಂದು ಸುಮ್ಮನೆ ಕೂತೆ. ಸಿಳ್ಳೆ ರೂಲಿನದೆಂದು ನನಗೆ ಗೊತ್ತಿತ್ತು. ನೋಡಿಲ್ಲವೆಂಬುದು ಈಗ ಎಲ್ಲರಿಗೂ ಗೊತ್ತಾಯಿತು. ಎರಡನ್ನೂ ಕೂಡಿಸಲು ಅವಳಿಗೆ ಎಷ್ಟು ಹೊತ್ತು ಬೇಕು? ಒಂದು ಇಡೀ ಬಾಲ್ಯವನ್ನು ನಾನು, ನನ್ನ ಪೆನ್ಸಿಲ್ಲು, ನನ್ನ ರಬ್ಬರು ಸೇರಿ ಅಳಿಸಿ ಹಾಕಿದೆವು ಅನ್ನಿಸಿತು.

“ನಾ ನೋಡಿಲ್ಲ ಖರೆ,” ಅಂದರು ಮಾವ ನಿಧಾನವಾಗಿ. “ಅಂವ ನೋಡ್ತಿದ್ದ.”

“ಯಾರು?”

“ಫಾಯರ್‌ಮನ್. ಬೆಂಕಿಗೆ ಕಲ್ಲಿದ್ದಲಾ ಹಾಕಾಂವ, ಬಲಕ್ಕ ಇರ್ತಿದ್ದ. ಏರೂಮುಂದ ಆ ಗದ್ದಲದಾಗ ಮಾತು ಕೇಳಸ್ತಿದ್ದಿಲ್ಲ. ಅದಕ್ಕ ಸಲಿಕೀಲೆ ನೆಲಕ್ಕ ಬಡೀತಿದ್ದ. ಒಂದ್ ಸಲ ಬಡದ್ರ ನೀ ಒಬ್ಬಾಕಿ ನಿಂತೀ. ಎರಡ್ ಸಲ ಬಡದ್ರ ಇಬ್ರೂ ನಿಂತೀರಿ. ಆಗ ನಾ ಕೂಗ್ತಿದ್ದೆ.”

“ಅದು ರೂಲಿನ ಕೂಗಲ್ರಿ ಮಾವಾರ?” ಬಾಯಿ ತಪ್ಪಿ ಅಂದುಬಿಟ್ಟೆ.

“ಉದ್ದಂದು ರೂಲಿಂದು. ಮುಂದಿನ ಎಂಜಿನ್ನಿಗೆ. ಅದಾದ ಮ್ಯಾಲ—”

“ಒಂದ್ ಗಿಡ್ಡ ಕೂಗು!” ಅಂದಳು ಹೆಂಡತಿ. “ಇಷ್ಟs ಇಷ್ಟು. ಬಿಕ್ಕಿದಂಗ.”

“ಅದು ರೂಲಿನಾಗ ಇಲ್ಲ,” ಅಂದರು ಮಾವ.

ಆಮೇಲೆ ಮಾವ ನಕ್ಷೆಯಲ್ಲಿ ಕಣಿವೆಯ ಕಡೆಯನ್ನು ತುಂಬತೊಡಗಿದರು. ಕಟ್ಟೆಯ ಎಡಕ್ಕೆ ಸೀಮೆಎಣ್ಣೆ ಡಬ್ಬಿಯಲ್ಲಿ ಹಾಕಿದ ಕರಿಬೇವಿನ ಗಿಡ. ಗಟಾರದ ಮೇಲೆ ಅಡ್ಡ ಹಾಕಿದ ಹಳೆಯ ಸ್ಲೀಪರ್ ಹಲಗೆ. ತಂತಿಯ ಮೇಲೆ ಒಣಗುವ ಬಟ್ಟೆ, ಅದರ ಕೆಳಗೆ ಸದಾ ಮಲಗಿರುವ ಕಂದು ನಾಯಿ. ಕಟ್ಟೆಯ ಮೂಲೆಯ ಕಲ್ಲು ಒಡೆದದ್ದು. ಮೇಲೆ ಕ್ಯಾಸಲ್‌ರಾಕ್ ಮುಟ್ಟಿ ಚಹಾ ಕುಡಿಯುವಾಗ ಫಾಯರ್‌ಮನ್ ಇದನ್ನೆಲ್ಲ ಹೇಳುತ್ತಿದ್ದನಂತೆ. ಅವ್ವ ಯಾವ ಸೀರೆ ಉಟ್ಟಿದ್ದಳು, ಮಗಳು ಬಲಗೈ ಬೀಸಿದಳೋ ಎರಡೂ ಕೈ ಬೀಸಿದಳೋ, ಎಲ್ಲ. ಮನೆಗೆ ಬಂದರೆ ಅದೇ ಕಟ್ಟೆಯ ಮೇಲೆ ಮಾವ ಕೂರುತ್ತಿದ್ದರು, ನಿಜ. ಆದರೆ ಗಾಡಿಯಿಂದ ಅದು ಹೇಗೆ ಕಾಣುತ್ತದೆ ಎಂಬುದು ಅವರಿಗೆ ಇನ್ನೊಬ್ಬನ ಬಾಯಿಂದಲೇ ಗೊತ್ತು. ಹೆಂಡತಿ ಪಕ್ಕದಲ್ಲಿ ನಿಂತು “ಹೌದು, ಹೌದಪ್ಪ, ಆ ನಾಯಿ” ಎನ್ನುತ್ತಿದ್ದಳು. ತಾನು ಎಂದೂ ನೋಡದ ನೋಟವನ್ನು ಒಬ್ಬ ಮನುಷ್ಯ ಇಷ್ಟು ವರ್ಷ ಹೀಗೆ ಜೋಪಾನ ಮಾಡಿಟ್ಟುಕೊಳ್ಳಬಹುದೆಂದು ನನಗೆ ಗೊತ್ತಿರಲಿಲ್ಲ. ಸಾಹುಕಾರರು ಊಟದ ಮಾತೆತ್ತದೆ ಗಲ್ಲದ ಮೇಲೆ ಕೈಯಿಟ್ಟು ಕೂತಿದ್ದರು.

“ಒಂದ್ ದಿನನೂ ತಪ್ಪಿಸಿಲ್ಲ ನಿಮ್ಮವ್ವ,” ಅಂದರು ಮಾವ.

“ತಪ್ಪಿಸ್ಯಾಳಲ್ಲಪ್ಪ. ಗದಗಿನ ಮದುವಿ ಸಂಬಂಧ ಸಿಟ್ಟ ಮಾಡ್ಕೊಂಡಿದ್ಲಲ್ಲ, ಕರಕೊಂಡ ಹೋಗ್ತೀನಂತ ಹೇಳಿ ನೀ ಡ್ಯೂಟಿ ಹಿಡದಿದ್ದಿ. ಆ ವಾರ ಹೊರಗ ಬರಲೇ ಇಲ್ಲ ಅಕಿ. ಗಾಡಿ ಸಪ್ಪಳಾದ ಕೂಡ್ಲೆ ಬಾಗಿಲಾ ಹಾಕ್ಕೊಂಡು ಒಳಕಲ್ಲಿನ ಮುಂದ ಕುಂದರ್ತಿದ್ಲು.”

“ಬಂದಿದ್ಲು. ಎರಡ್ ಸಲ ಬಡದಾನ.”

“ಇಲ್ಲಪ್ಪ. ನಾ ಒಬ್ಬಾಕೀನ ನಿಂತಿದ್ದೆ.”

“ದಿನಾ ಎರಡ್ ಸಲ ಬಡದಾನ ಅಂವ ಆ ವಾರ!” ಮಾವನ ದನಿ ಏರಿತು. “ಅದಕ್ಕ ನಾ ಸಿಟ್ಟು ಇಳದೈತಿ ಅಂತ ತಿಳಕೊಂಡು, ವಾರದ ಡ್ಯೂಟಿ ಮುಗಿಸಿ ಮನಿಗೆ ಬಂದಾವನ ‘ಮದುವಿ ಊಟಕ್ಕಿಂತ ನಿನ್ನ ಕೈ ಊಟನs ಚಲೋ, ಬಡಸು’ ಅಂದೆ. ಅಕಿ ನಕ್ಳು.”

“ನಗದs ಏನ್ ಮಾಡ್ತಾಳು? ವಾರ ನಾ ಮುಖಾ ತೋರಿಸಿಲ್ಲ, ಇಂವ ಏನೂ ಆಗೇ ಇಲ್ಲದಂಗ ಬಂದು ಬಡಸು ಅಂತಾನ, ಇಂಥಾ ನಾಚಿಕಿಗೇಡಿ ಕೂಡ ಎಷ್ಟ ದಿನ ಸಿಟ್ಟ ಮಾಡೂದು ಅಂತ ಅವ್ವ ನನ್ನ ಮುಂದ ಹೊಟ್ಟಿ ಹಿಡ್ಕೊಂಡು ನಕ್ಕಾಳ.”

ಸಾಹುಕಾರರು ತಡೆಯಲಾರದೆ, “ಸುಳ್ಳು ಬಡಿದು ನಿಮ್ಮ ಸಂಸಾರ ಸರಿ ಮಾಡಿದ್ದಲ್ಲವಾ ಅವ, ಮಾರಾಯ್ರೆ,” ಅಂದರು.

ನನ್ನ ತಲೆ ಅಷ್ಟರಲ್ಲಿ ತನ್ನ ಕೆಲಸ ಶುರು ಮಾಡಿತ್ತು. ಒಂದು ವಾರ ಸುಳ್ಳು ಬಡಿದವನು ಉಳಿದ ದಿನಗಳಲ್ಲಿ? ಎಂದೂ ನೋಡದೆಯೇ ಬಡಿದಿದ್ದರೆ? ಆದರೆ ಒಡೆದ ಮೂಲೆಗಲ್ಲು ನನ್ನ ಪೆನ್ಸಿಲ್ಲಿನ ಕೆಳಗೇ ಇತ್ತು, ಕಂದು ನಾಯಿ ಇತ್ತು. ಮುಚ್ಚಿದ ಬಾಗಿಲನ್ನು ಕಂಡು ಎರಡು ಸಲ ಬಡಿಯಬೇಕಾದರೂ ಮೊದಲು ಆ ಬಾಗಿಲ ಕಡೆ ನೋಡಿರಲೇಬೇಕು. ಬೆಂಕಿಯ ಬಾಯಿಗೆ ಕಲ್ಲಿದ್ದಲು ಎಸೆಯುತ್ತ, ಬೆವರು ಕಣ್ಣಿಗಿಳಿಯುತ್ತಿರುವಾಗ, ಇನ್ನೊಬ್ಬನ ಮನೆಯ ಬಾಗಿಲು ಮುಚ್ಚಿದೆ ಎಂದು ಕಂಡು, ಅದು ಅವನಿಗೆ ತಿಳಿಯದಿರಲಿ ಎಂದು ಸಲಿಕೆ ಎತ್ತಿದವನು. ನಾನು ಜೀವಮಾನದಲ್ಲಿ ಮಾಡಿದ ಚಿಂತೆಯೆಲ್ಲ ಸೇರಿದರೂ ಆ ಒಂದು ಹೆಚ್ಚಿನ ಪೆಟ್ಟಿನ ತೂಕಕ್ಕೆ ಬರಲಿಕ್ಕಿಲ್ಲ.

ಮಾವ ಕ್ವಾರ್ಟರ್ಸಿನ ಮೇಲೆ ಬೆರಳಿಟ್ಟರು. “ಇದು ಏನ್ರಿ ಅಳಿಯಾರ, ಈ ಕಮಾನು?”

“ಬಾಗಲ್ರಿ. ತೆರೆದ ಬಾಗಲಕ್ಕ ನಕ್ಷೆಯೊಳಗ ಹಂಗ ಕಮಾನು ಹಾಕ್ತೀವಿ.”

“ಅಳಸ್ರಿ. ಮುಚ್ಚೇ ತೆಗೀರಿ.”

“ಬ್ಯಾಡಪ್ಪ,” ಅಂದಳು ಹೆಂಡತಿ. “ಅವ್ವನ್ನ ನಿಂದರಸೂಣು. ದಿನಾ ನಿಂದರ್ತಿದ್ಲಲ್ಲ, ಒಂದ್ ವಾರ ಬಿಟ್ಟು.”

“ಆ ವಾರ ಅಕಿ ಬರೂದಿಲ್ಲ ಅಂದಿದ್ಲು. ಅಂವ, ನಾ, ಇಬ್ರೂ ಕೂಡಿ ಅಕೀನ್ನ ಸುಳ್ಳs ಹೊರಗ ನಿಂದರಿಸಿಬಿಟ್ವಿ.” ಮಾವ ಕಮಾನಿನ ಮೇಲೆ ಮತ್ತೆ ಬೆರಳಿಟ್ಟರು. “ಒಂದ್ ಸಲನರ ಅಕಿ ಮಾತು ನಡೀಲಿ. ನೀ ಇರು ಹೊರಗ. ನೀ ಇದ್ದಿಯಲ್ಲ.”

ಅವಳು ಮುಖ ಒರೆಸಿಕೊಂಡು ತಲೆಯಾಡಿಸಿದಳು. ಸಾಹುಕಾರರು ರಬ್ಬರನ್ನು ಹಳಿಯ ಮೇಲಿನಿಂದ ತೆಗೆದು ನನ್ನ ಕೈಗೆ ಕೊಟ್ಟರು. ಕಮಾನನ್ನು ಅಳಿಸಿ, ಗೋಡೆಗೆ ಗೋಡೆ ಕೂಡಿಸಿ ನೇರ ಗೆರೆ ಎಳೆದೆ. ಕಟ್ಟೆಯ ಮೇಲೆ ಒಂದು ಚುಕ್ಕೆ ಇಟ್ಟೆ. ಅಷ್ಟು ಸಣ್ಣ ಅಳತೆಯಲ್ಲಿ, ಮೇಲಿನಿಂದ ನೋಡಿದರೆ, ಆ ವಯಸ್ಸಿನ ಹುಡುಗಿ ಒಂದು ಜೋಳದ ಕಾಳಿನಷ್ಟಾಗುತ್ತಾಳೆ ಎಂದು ಲೆಕ್ಕ ಹಾಕಿದ್ದೆ. ಆದರೂ ಸ್ವಲ್ಪ ದೊಡ್ಡದಾಗಿಯೇ ಇಟ್ಟೆ.

ಮಾವ ಕುರ್ಚಿಯಿಂದ ಎದ್ದರು. ಇಷ್ಟು ದಿನ ಅವರು ಕೂರುತ್ತಿದ್ದದ್ದು ಮೇಜಿನ ಗುಡ್ಡದ ಕಡೆ. ನಾವ್ಯಾರೂ ಅದನ್ನು ಗಮನಿಸಿರಲಿಲ್ಲ. ಕುರ್ಚಿ ಎತ್ತಿಕೊಂಡು, ಮೇಜು ಸುತ್ತಿ ಈಚೆ, ಕಣಿವೆಯ ಕಡೆ ಬಂದರು. ನಾನು ಅವರ ಸೊಂಟಕ್ಕೇನಾದರೂ ಆದೀತೆಂದು ಕೈ ಚಾಚಿದೆ, ಅವರು ನೋಡಲಿಲ್ಲ. ಕೂತು, ಬೆನ್ನು ಬಗ್ಗಿಸಿ, ಕಣ್ಣನ್ನು ಕಾಗದದ ಮಟ್ಟಕ್ಕೆ ತಂದು, ಮನೆಯನ್ನು, ಕಟ್ಟೆಯ ಮೇಲಿನ ಚುಕ್ಕೆಯನ್ನು ನೋಡುತ್ತ ಹಾಗೆಯೇ ಇದ್ದರು. ಅನ್ನ ಆರುತ್ತಿತ್ತು. ಯಾರೂ ಏಳಲಿಲ್ಲ.